ಏರಿನಲ್ಲಿ ದಮ್ಮು ಕಟ್ಟುತ್ತಿದ್ದ ಪಿಕಪ್: ಕ್ಯಾಟಲಿಟಿಕ್ ಕನ್ವರ್ಟರ್ ಕತ್ತರಿಸುವ ಮೊದಲು ಅಳೆದು ನೋಡಿದ್ದು

ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ತೋಟದಿಂದ ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಟೊಮ್ಯಾಟೊ ಸಾಗಿಸಲೆಂದು ಚಿಂತಾಮಣಿ ಕಡೆಯವರೊಬ್ಬರಿಂದ ಹಳೆಯ ಡೀಸೆಲ್ ಪಿಕಪ್ ಒಂದನ್ನು ಕೊಂಡೆ. ಗಾಡಿ 2018ರದು, ಬಿಎಸ್-4 (ಹೊಗೆ ಮಾಲಿನ್ಯದ ಭಾರತ್ ಸ್ಟೇಜ್ 4) ದರ್ಜೆಯದು, ಎರಡೂವರೆ ಲೀಟರಿನ ಕಾಮನ್ ರೈಲ್ ಎಂಜಿನ್, ಜೊತೆಗೆ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ಇರುವಂಥದ್ದು. ಮೀಟರಿನಲ್ಲಿ 1,38,000 ಕಿಲೋಮೀಟರ್ ತೋರಿಸುತ್ತಿತ್ತು. ಕೊಳ್ಳುವ ಮುನ್ನ ಚಾಸಿಯ ತುಕ್ಕು, ಟೈರು, ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ), ವಿಮೆ ಎಲ್ಲವನ್ನೂ ನೋಡಿದ್ದೆ. ಹೊರೆ ಹಾಕಿ ಏರು ಹತ್ತಿಸಿ ನೋಡುವುದೊಂದನ್ನು ಮಾತ್ರ ಬಿಟ್ಟಿದ್ದೆ. ಖಾಲಿ ಗಾಡಿ ಸಮತಟ್ಟಾದ ರಸ್ತೆಯಲ್ಲಿ ಎಂಥ ರೋಗವನ್ನಾದರೂ ಮುಚ್ಚಿಡುತ್ತದೆ.

ಮೊದಲ ಸಲ 15 ಕಿಲೋದ 80 ಬಾಕ್ಸ್, ಅಂದರೆ 1,200 ಕಿಲೋ ಹೇರಿಕೊಂಡು ಹೊರಟಾಗ ರೋಗ ಬಯಲಾಯಿತು. 1,500 ಆರ್‌ಪಿಎಂವರೆಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಗಾಡಿ ಚೆನ್ನಾಗಿಯೇ ಎಳೆಯುತ್ತಿತ್ತು. 2,000 ದಾಟಿಸಲು ಹೋದರೆ ಯಾರೋ ಹಿಂದಿನಿಂದ ಹಿಡಿದುಕೊಂಡಂತೆ ಆಗುತ್ತಿತ್ತು. ಆಕ್ಸಿಲೇಟರನ್ನು ಪೂರ್ತಿ ಒತ್ತಿದರೆ ಸದ್ದು ಏರುತ್ತಿತ್ತು, ಹಿಂದೆ ಕಪ್ಪು ಹೊಗೆ ಏಳುತ್ತಿತ್ತು, ವೇಗ ಮಾತ್ರ ಏರುತ್ತಿರಲಿಲ್ಲ. ಕೋಲಾರದ ಪಕ್ಕದ ಶತಶೃಂಗ ಬೆಟ್ಟದ ಮೇಲೆ ತೇರಹಳ್ಳಿ ಕಡೆಗೆ ಹೋಗುವ ಏರಿನಲ್ಲಿ ಅದೇ ಹೊರೆಯೊಂದಿಗೆ ಪರೀಕ್ಷಿಸಿದಾಗ, ಮೂರನೇ ಗೇರಿನಲ್ಲಿ ಹತ್ತಬೇಕಾದ ಕಡೆ ಮೊದಲ ಗೇರಿಗೆ ಇಳಿಯಬೇಕಾಯಿತು. ಮುಂದಿನ ಎಲ್ಲ ಪರೀಕ್ಷೆಗಳಿಗೂ ಅದೇ ಏರನ್ನೇ ಅಳತೆಗೋಲಾಗಿ ಇಟ್ಟುಕೊಂಡೆ. ರಸ್ತೆ, ಹೊರೆ, ಗೇರು ಮೂರೂ ಬದಲಾಗದೆ ಇದ್ದರೆ ಮಾತ್ರ ಒಂದು ರಿಪೇರಿ ಎಷ್ಟು ಫಲ ಕೊಟ್ಟಿತೆಂದು ಹೇಳಲು ಸಾಧ್ಯ.

ಕೋಲಾರದಲ್ಲಿ ತೋರಿಸಿದ ಮೆಕ್ಯಾನಿಕ್ ಗಾಡಿಯ ಹಿಂದೆ ಕುಳಿತು, ಸೈಲೆನ್ಸರಿನ ಬಾಯಿಗೆ ಅಂಗೈ ಅಡ್ಡ ಹಿಡಿದು, ಎರಡು ಸಲ ರೇಸ್ ಮಾಡಿಸಿ ತೀರ್ಪು ಕೊಟ್ಟರು: "ಕ್ಯಾಟ್ ಬ್ಲಾಕ್ ಆಗೋಗೈತೆ ಅಣ್ಣ. ಕಟ್ ಮಾಡಿ ನೇರ ಪೈಪ್ ಹಾಕ್ಬಿಡೋಣ, ಗಾಡಿ ಹಾರೋಗ್ತೈತೆ." ಕ್ಯಾಟ್ ಎಂದರೆ ಹೊಗೆಯ ವಿಷಾನಿಲಗಳನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್. ಕೂಲಿ, ಪೈಪು ಸೇರಿ 2,500 ರೂಪಾಯಿ; ಹಳೆಯ ಕನ್ವರ್ಟರ್ ಅವರಿಗೇ ಬಿಡಬೇಕು. ಆ ಕೊನೆಯ ಷರತ್ತು ನನ್ನ ಕಿವಿ ಚುರುಕುಗೊಳಿಸಿತು. ಕನ್ವರ್ಟರಿನ ಒಳಗಿನ ಲೇಪನದಲ್ಲಿ ಪ್ಲಾಟಿನಂ, ಪಲ್ಲೇಡಿಯಂ ಇರುತ್ತವೆ, ಗುಜರಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆಯಿದೆ. ಅವರ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ, ನನಗೂ ಅದೇ ಅನುಮಾನವಿತ್ತು. ಆದರೆ ಅಂಗೈ ಅಳತೆಯ ಮೇಲೆ ಕತ್ತರಿ ಹಾಕಲು ಮನಸ್ಸು ಒಪ್ಪಲಿಲ್ಲ.

ಬಿಎಸ್-4 ಡೀಸೆಲ್ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಆಕ್ಸಿಡೇಷನ್ ಕನ್ವರ್ಟರ್. ಉಕ್ಕಿನ ಡಬ್ಬದೊಳಗೆ ಜೇನುಗೂಡಿನಂಥ ಸೆರಾಮಿಕ್ ಇಟ್ಟಿಗೆ, ಇಟ್ಟಿಗೆಗೂ ಡಬ್ಬಕ್ಕೂ ನಡುವೆ ಅದನ್ನು ಬಿಗಿಯಾಗಿ ಹಿಡಿದಿಡುವ ನಾರಿನ ಹಾಸು. ಹೊಗೆ ಇಟ್ಟಿಗೆಯ ಸಣ್ಣ ಸಣ್ಣ ನೇರ ರಂಧ್ರಗಳಲ್ಲಿ ಹಾದುಹೋಗುವಾಗ, ಶಾಖ 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಇಂಗಾಲದ ಮಾನಾಕ್ಸೈಡ್ ಮತ್ತು ಸುಡದೆ ಉಳಿದ ಹೈಡ್ರೋಕಾರ್ಬನ್‌ಗಳು ಇಂಗಾಲದ ಡೈಆಕ್ಸೈಡ್ ಹಾಗೂ ನೀರಾವಿಯಾಗಿ ಮಾರ್ಪಡುತ್ತವೆ. ಬಿಎಸ್-6 ಗಾಡಿಗಳ ಡಿಪಿಎಫ್ ಎಂಬ ಮಸಿ ಫಿಲ್ಟರಿನಂತೆ ಇದು ಮಸಿಯನ್ನು ಹಿಡಿದಿಟ್ಟುಕೊಳ್ಳುವ ಜಾಲರಿಯಲ್ಲ. ರಂಧ್ರಗಳು ಎರಡೂ ಕಡೆ ತೆರೆದೇ ಇರುವುದರಿಂದ ಎಂಜಿನ್ ಸರಿಯಾಗಿದ್ದರೆ ಅದು ಕಟ್ಟಿಕೊಳ್ಳುವುದು ಅಪರೂಪ; ಕಟ್ಟಿಕೊಂಡಿದ್ದರೆ ಮೇಲಿನಿಂದ ಅತಿಯಾಗಿ ಮಸಿಯೋ ಆಯಿಲೋ ಬರುತ್ತಿದೆ ಎಂದು ಅರ್ಥ, ಆ ಮೂಲವನ್ನು ಬಿಟ್ಟು ಕನ್ವರ್ಟರನ್ನು ಕಿತ್ತರೆ ರೋಗ ಉಳಿದೇ ಇರುತ್ತದೆ. ಇದಲ್ಲದೆ, ತಯಾರಕರು ಕೊಟ್ಟ ರಚನೆಯನ್ನು ಮಾಲೀಕರು ತಮ್ಮಿಷ್ಟಕ್ಕೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಷೇಧಿಸುತ್ತದೆ. ಬಾಡಿಗೆಗೆ ಓಡುವ ಹಳದಿ ಬೋರ್ಡಿನ ಗಾಡಿಗೆ ಎಫ್‌ಸಿ ಸಮಯದಲ್ಲಿ ಈ ನೇರ ಪೈಪು ತಲೆನೋವಾಗುವುದು ಖಂಡಿತ.

ಹಣ ಬೇಡದ ಪರೀಕ್ಷೆಗಳಿಂದ ಆರಂಭಿಸಿದೆ. ಸ್ಟಿಯರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲಿ ಓದಿದಾಗ ಒಂದೇ ಕೋಡ್ ಇತ್ತು: ಪಿ0299, ಅಂದರೆ ಟರ್ಬೊ ಒತ್ತಡ ಸಾಲದು. ಕೋಡ್‌ಗಿಂತ ಸ್ವಾರಸ್ಯವಾದದ್ದು ಬೇರೊಂದು ಸಾಲಿನಲ್ಲಿತ್ತು. ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ದೂರ ಓಡಿದೆ ಎಂಬುದನ್ನೂ ಎಂಜಿನ್ ಕಂಪ್ಯೂಟರ್ ಲೆಕ್ಕ ಇಡುತ್ತದೆ. ಅಲ್ಲಿ 652 ಕಿಲೋಮೀಟರ್ ಎಂದಿತ್ತು, ನಾನು ಕೊಂಡ ಮೇಲೆ ಓಡಿಸಿದ್ದು 640. ಅಂದರೆ ಗಾಡಿ ನನ್ನ ಕೈಗೆ ಬರುವ ಹನ್ನೆರಡು ಕಿಲೋಮೀಟರ್ ಮೊದಲಷ್ಟೇ ಕೋಡ್ ಅಳಿಸಲಾಗಿತ್ತು. ಆ ಲೆಕ್ಕವನ್ನು ಮಾರಿದವರನ್ನು ಕೇಳಿ ಪ್ರಯೋಜನವಿರಲಿಲ್ಲ. ಹಳೆಯ ಗಾಡಿ ಕೊಳ್ಳುವವರು ಬೆಲೆ ಮಾತಾಡುವ ಮೊದಲೇ ಈ ಸಾಲನ್ನು ನೋಡುವುದು ಒಳ್ಳೆಯದು.

ಎಂಜಿನ್ ಆರಿಸಿ ಕೀ ಮಾತ್ರ ಆನ್ ಮಾಡಿದಾಗ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹಂಚುವ ಪೈಪು) ಒತ್ತಡ 92 ಕಿಲೋಪಾಸ್ಕಲ್ ತೋರಿಸಿತು. ಮಂಗಳೂರಿನಲ್ಲಾದರೆ 101ರ ಆಸುಪಾಸು ಇರಬೇಕು. ಕೋಲಾರ ಸಮುದ್ರ ಮಟ್ಟಕ್ಕಿಂತ 800 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ 92 ಸರಿಯಾದ ಲೆಕ್ಕ, ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ಅನಂತರ ಬಾಮೈದನನ್ನು ಸ್ಟಿಯರಿಂಗಿಗೆ ಕೂರಿಸಿ, ಮೊಬೈಲ್ ನಾನು ಹಿಡಿದು, ಹೊರೆಯೊಂದಿಗೆ ಏರಿನಲ್ಲಿ ಪೂರ್ತಿ ಆಕ್ಸಿಲೇಟರ್ ಕೊಡಿಸಿದೆ. ಒತ್ತಡ 140ಕ್ಕೆ ಏರಿ ಅಲ್ಲೇ ನಿಂತಿತು. ಇಂಥ ಎಂಜಿನ್ 200 ದಾಟಬೇಕು. ರೈಲ್ ಪ್ರೆಷರ್, ಅಂದರೆ ಎಂಜಿನ್ನಿಗೆ ಚಿಮ್ಮುವ ಡೀಸೆಲಿನ ಒತ್ತಡ ಮಾತ್ರ ಐಡಲಿನಲ್ಲಿ 300 ಬಾರ್ ಸುತ್ತಮುತ್ತ ಇದ್ದದ್ದು ಹೊರೆಯಲ್ಲಿ 1,200 ದಾಟಿ ಅಲುಗಾಡದೆ ನಿಂತಿತು. ಹೀಗಾಗಿ ಡೀಸೆಲ್ ಪಂಪಿನ ಕಡೆಯ ಅನುಮಾನವನ್ನು ಬದಿಗಿಟ್ಟೆ. ಎಂಜಿನ್ನಿಗೆ ಊಟ ಸಿಗುತ್ತಿದೆ, ಉಸಿರು ಸಿಗುತ್ತಿಲ್ಲ.

ಏರ್ ಫಿಲ್ಟರ್ ತೆಗೆದು ಕೊಡವಿದರೆ ನಮ್ಮ ಕಡೆಯ ಕೆಮ್ಮಣ್ಣು ಅರ್ಧ ಬೊಗಸೆ ಬಿತ್ತು. ಅದನ್ನೂ ಡೀಸೆಲ್ ಫಿಲ್ಟರನ್ನೂ ಬದಲಿಸಿದೆ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವನ್ನು ಬಿಚ್ಚಿ ಮಸಿ ಕೆರೆದು ಮುಚ್ಚಿಕೊಳ್ಳುತ್ತದೆಂದು ಖಚಿತಪಡಿಸಿಕೊಂಡೆ. ಒತ್ತಡ 140ರಿಂದ 143ಕ್ಕೆ ಬಂತು, ಅಷ್ಟೆ.

ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೂ ಅಲ್ಲಿಂದ ಎಂಜಿನ್ನಿಗೂ ಹೋಗುವ ರಬ್ಬರ್ ಹೋಸುಗಳನ್ನು ಕಣ್ಣಿನಿಂದ ನೋಡಿ ತೀರ್ಮಾನಿಸಬಾರದು. ನಿಂತ ಗಾಡಿಯಲ್ಲಿ ಅವು ಯಾವಾಗಲೂ ಚೆನ್ನಾಗಿಯೇ ಕಾಣುತ್ತವೆ. ಟರ್ಬೊದ ಗಾಳಿ ಸೇದುವ ಬಾಯಿಗೆ ಸರಿಹೊಂದುವ ಪಿವಿಸಿ ಎಂಡ್ ಕ್ಯಾಪಿಗೆ ಟೈರಿನ ವಾಲ್ವ್ ಸಿಕ್ಕಿಸಿ ಕ್ಲ್ಯಾಂಪ್ ಬಿಗಿದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಮುಕ್ಕಾಲು ಬಾರ್ ಮೀರದಂತೆ ಗಾಳಿ ಕೊಟ್ಟು ಎಲ್ಲ ಜೋಡಣೆಗಳ ಮೇಲೂ ಸೋಪಿನ ನೀರು ಹಚ್ಚುತ್ತ ಬಂದೆ. ಇಂಟರ್‌ಕೂಲರಿನ ಹೊರಬಾಯಿಯ ಹೋಸಿನಲ್ಲಿ, ಕ್ಲ್ಯಾಂಪಿನ ಅಡಿಯಲ್ಲೇ ಮರೆಯಾಗಿದ್ದ ಎರಡಂಗುಲದ ಬಿರುಕು ಬುಸ್ಸೆಂದು ನೊರೆ ಉಗುಳಿತು. ಹೋಸ್ 850 ರೂಪಾಯಿ. ಆ ದಿನ ನನ್ನ ಸಂತೋಷಕ್ಕೆ ಪಾರವಿರಲಿಲ್ಲ, ಮನೆಯಲ್ಲಿ ಎಲ್ಲರಿಗೂ ಗಾಡಿ ರಿಪೇರಿಯಾಯಿತೆಂದು ಸಾರಿಬಿಟ್ಟೆ.

ಮರುದಿನ ತೇರಹಳ್ಳಿ ಏರಿನಲ್ಲಿ ಆ ಸಂತೋಷ ಇಳಿಯಿತು. ಕಪ್ಪು ಹೊಗೆ ಹೆಚ್ಚುಕಡಿಮೆ ನಿಂತಿತ್ತು, ಒತ್ತಡ 162ಕ್ಕೆ ಬಂದಿತ್ತು, ಆದರೂ ಎರಡನೇ ಗೇರಿನಲ್ಲೇ ತಿಣುಕಬೇಕಾಯಿತು. ಇಲ್ಲಿ ಸ್ವಲ್ಪ ನಿಂತು ಯೋಚಿಸಿದ್ದು ಮುಂದೆ ಉಪಯೋಗಕ್ಕೆ ಬಂತು. ಹೋಸು ಸೋರುತ್ತಿದ್ದಾಗ ಗಾಳಿಯ ಸೆನ್ಸರ್ ಅಳೆದ ಗಾಳಿಯಲ್ಲಿ ಒಂದು ಪಾಲು ದಾರಿಯಲ್ಲೇ ಹೊರಗೆ ಹೋಗುತ್ತಿತ್ತು, ಕಂಪ್ಯೂಟರ್ ಮಾತ್ರ ಪೂರ್ತಿ ಗಾಳಿಗೆ ತಕ್ಕಷ್ಟು ಡೀಸೆಲ್ ಕೊಡುತ್ತಿತ್ತು. ಆದ್ದರಿಂದ ಕಪ್ಪು ಹೊಗೆ. ಈಗ ಸೋರಿಕೆ ಇಲ್ಲ, ಅಳೆದ ಗಾಳಿಯೆಲ್ಲ ಒಳಗೇ ಹೋಗುತ್ತಿದೆ, ಆದರೆ ಅಳತೆಯೇ ಕಡಿಮೆ: ಪೂರ್ತಿ ಆಕ್ಸಿಲೇಟರಿನಲ್ಲಿ ಸೆಕೆಂಡಿಗೆ 78 ಗ್ರಾಂ ಗಾಳಿ ಮಾತ್ರ. ಕಂಪ್ಯೂಟರ್ ಅದಕ್ಕೆ ತಕ್ಕಂತೆ ಡೀಸೆಲನ್ನೂ ಕಡಿಮೆ ಮಾಡುತ್ತಿದೆ. ಆದ್ದರಿಂದ ಹೊಗೆಯೂ ಇಲ್ಲ, ಬಲವೂ ಇಲ್ಲ. ಎಂಜಿನ್ ಉಸಿರನ್ನು ಎಳೆದುಕೊಳ್ಳಲಾರದು ಎನ್ನುವುದಕ್ಕಿಂತ ಬಿಡಲಾರದು ಎನ್ನುವ ಕಡೆಗೆ ಸಾಕ್ಷ್ಯ ವಾಲಿತು. ಟರ್ಬೊ ತಿರುಗುವುದೇ ಅದರ ಚಕ್ರದ ಹಿಂದಿನ ಮತ್ತು ಮುಂದಿನ ಒತ್ತಡಗಳ ವ್ಯತ್ಯಾಸದಿಂದ. ಹೊರದಾರಿಯಲ್ಲಿ ಒತ್ತಡ ಕಟ್ಟಿಕೊಂಡರೆ ಟರ್ಬೊ ಎಷ್ಟೇ ಗಟ್ಟಿಯಾಗಿದ್ದರೂ ಸೋಲುತ್ತದೆ.

ಕನ್ವರ್ಟರ್ ಕಟ್ಟಿಕೊಂಡಿದೆಯೇ ಎಂದು ತಿಳಿಯಲು ವಿಡಿಯೊಗಳಲ್ಲಿ ತೋರಿಸುವ ಎರಡು ಉಪಾಯಗಳು ಇಲ್ಲಿ ನಡೆಯುವುದಿಲ್ಲವೆಂದು ಹೇಳಿಬಿಡುತ್ತೇನೆ. ಮೊದಲನೆಯದು ಇನ್‌ಟೇಕ್ ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಕಟ್ಟಿ ಮುಳ್ಳು ಇಳಿಯುವುದನ್ನು ನೋಡುವುದು. ಅದು ಪೆಟ್ರೋಲ್ ಎಂಜಿನ್ನಿನ ಪರೀಕ್ಷೆ. ಡೀಸೆಲ್ ಎಂಜಿನ್ ಗಾಳಿಯನ್ನು ತಡೆದು ವೇಗ ನಿಯಂತ್ರಿಸುವುದಿಲ್ಲವಾದ್ದರಿಂದ ಅಲ್ಲಿ ನಂಬಬಹುದಾದ ವ್ಯಾಕ್ಯೂಮ್ ಇರುವುದೇ ಇಲ್ಲ. ಎರಡನೆಯದು ಶಾಖ ಅಳೆಯುವ ಗನ್ನಿನಿಂದ ಕನ್ವರ್ಟರಿನ ಹಿಂದು ಮುಂದು ನೋಡುವುದು. ನಿಂತ ಡೀಸೆಲ್ ಗಾಡಿಯ ಹೊಗೆ ಅಷ್ಟು ಬಿಸಿಯಾಗುವುದೇ ಇಲ್ಲ, ಮೇಲಾಗಿ ತಗಡಿನ ಹೊದಿಕೆಯ ಶಾಖವನ್ನು ಓದಿದಂತಾಗುತ್ತದೆ. ನಾನೂ ಗನ್ ಹಿಡಿದು ಅರ್ಧ ಗಂಟೆ ಕಳೆದೆ, ಏನೂ ತಿಳಿಯಲಿಲ್ಲ. ಉಳಿದದ್ದು ಒಂದೇ: ಟರ್ಬೊಗೂ ಕನ್ವರ್ಟರಿಗೂ ನಡುವಿನ ಪೈಪಿನಲ್ಲಿ ಬ್ಯಾಕ್ ಪ್ರೆಷರನ್ನು, ಅಂದರೆ ಹೊರಹೋಗಲಾರದೆ ಕಟ್ಟಿಕೊಂಡ ಹೊಗೆಯ ಒತ್ತಡವನ್ನು, ನೇರವಾಗಿ ಅಳೆಯುವುದು.

ನಮ್ಮ ಗಾಡಿಯ ಆ ಪೈಪಿನಲ್ಲಿ ಸೆನ್ಸರ್ ಕೂರುವ ತೂತು ಇರಲಿಲ್ಲ. ಪೈಪನ್ನು ಬಿಚ್ಚಿ ಬಂಗಾರಪೇಟೆ ರಸ್ತೆಯ ಲೇತ್ ಅಂಗಡಿಗೆ ಒಯ್ದು, 6 ಮಿಲಿಮೀಟರ್ ತೂತು ಕೊರೆಸಿ, ಅದರ ಮೇಲೆ 10 ಮಿಲಿಮೀಟರಿನ ಉಕ್ಕಿನ ನಟ್ಟನ್ನು ವೆಲ್ಡ್ ಮಾಡಿಸಿದೆ. ಅಳತೆ ಮುಗಿದ ಮೇಲೆ ಬೋಲ್ಟು ತಿರುಗಿಸಿ ಮುಚ್ಚಿದರಾಯಿತು. ಗಾಡಿಯ ಮೇಲೆಯೇ ವೆಲ್ಡಿಂಗ್ ಮಾಡುವುದಾದರೆ ಮೊದಲು ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಬೇಕು, ಇಲ್ಲವಾದರೆ ಕಂಪ್ಯೂಟರ್ ಸುಟ್ಟುಹೋಗುವ ಅಪಾಯವಿದೆ. ಪೈಪನ್ನೇ ಬಿಚ್ಚಿ ಒಯ್ದದ್ದು ಆ ಭಯದಿಂದಲೇ. ನಟ್ಟಿಗೆ ಫ್ರಿಜ್ ರಿಪೇರಿ ಅಂಗಡಿಯಿಂದ ತಂದ ಕಾಲಂಗುಲದ ತಾಮ್ರದ ಕೊಳವೆಯನ್ನು ಒಂದೂವರೆ ಮೀಟರ್ ಉದ್ದಕ್ಕೆ ಸುರುಳಿ ಸುತ್ತಿ ಜೋಡಿಸಿದೆ, ಹೊಗೆ ಗೇಜು ತಲುಪುವಷ್ಟರಲ್ಲಿ ತಣ್ಣಗಾಗಲೆಂದು.

ಗೇಜಿನದೇ ತೊಂದರೆಯಾಯಿತು. ಅಂಗಡಿಯಲ್ಲಿ ಸಿಗುವ 10 ಬಾರಿನ ಗೇಜಿನಲ್ಲಿ ನಮಗೆ ಬೇಕಾದ ಅಳತೆಗೆ ಮುಳ್ಳು ಅಲುಗಾಡುವುದೂ ಇಲ್ಲ. ಪಕ್ಕದ ಜಮೀನಿನಲ್ಲಿ ಗೋಡೆ ಕಟ್ಟುತ್ತಿದ್ದ ಮೇಸ್ತ್ರಿಯ ಮಟ್ಟದ ಪೈಪು ಕಣ್ಣಿಗೆ ಬಿದ್ದದ್ದು ಆಗಲೇ. ಒಳಗಿನ ನೀರು ಕಾಣುವ ಆ ಪೈಪನ್ನು 'ಯು' ಆಕಾರದಲ್ಲಿ ನೇತುಹಾಕಿದರೆ ಅದಕ್ಕಿಂತ ನಂಬಿಕಸ್ಥ ಗೇಜು ಮತ್ತೊಂದಿಲ್ಲ: ಎರಡು ಬದಿಯ ನೀರಿನ ಮಟ್ಟಗಳ ಅಂತರ 102 ಸೆಂಟಿಮೀಟರ್ ಆದರೆ ಒತ್ತಡ 10 ಕಿಲೋಪಾಸ್ಕಲ್, ಇದನ್ನು ಯಾವ ಕಂಪನಿಯೂ ಕ್ಯಾಲಿಬ್ರೇಟ್ ಮಾಡಿಕೊಡಬೇಕಾಗಿಲ್ಲ. ಪಂಪ್‌ಸೆಟ್ ಮನೆಯ ಗೋಡೆಗೆ ಏಣಿ ಒರಗಿಸಿ, ಏಣಿಯ ಎರಡು ಕಾಲುಗಳಿಗೆ ಪೈಪಿನ ಎರಡು ಬದಿಗಳನ್ನು ಕಟ್ಟಿ, ಬಟ್ಟೆಗೆ ಹಾಕುವ ನೀಲಿ ಬೆರೆಸಿದ ನೀರು ತುಂಬಿ, ಪಕ್ಕಕ್ಕೆ ಟೇಪು ಅಂಟಿಸಿದೆ. ಒರಗಿದ ಏಣಿಯಲ್ಲಿ ಪೈಪು ಓರೆಯಾಗಿರುತ್ತದೆ, ಅಳೆಯಬೇಕಾದದ್ದು ನೇರ ಎತ್ತರ. ಇದು ಮೊದಲ ಸಲ ಹೊಳೆಯದೆ ಒಂದು ಸುತ್ತಿನ ಅಂಕಿಗಳೆಲ್ಲ ದಂಡವಾದವು, ಅನಂತರ ಏಣಿಯನ್ನು ಗೋಡೆಗೆ ನೇರವಾಗಿ ನಿಲ್ಲಿಸಿ ಕಟ್ಟಿದೆ. ಹೊಗೆ ಬಡಿತಗಳಾಗಿ ಬರುವುದರಿಂದ ನೀರು ಕುಣಿಯುತ್ತದೆ. ತಾಮ್ರದ ಕೊಳವೆಯ ತುದಿಯನ್ನು ಇಕ್ಕಳದಿಂದ ಸ್ವಲ್ಪ ಚಪ್ಪಟೆ ಮಾಡಿದಾಗ ಕುಣಿತ ನಿಂತು ಸರಾಸರಿ ಮಟ್ಟ ಸ್ಪಷ್ಟವಾಗಿ ಕಂಡಿತು. ಇಷ್ಟೆಲ್ಲವನ್ನೂ ಬಯಲಿನಲ್ಲೇ ಮಾಡಬೇಕು, ಮುಚ್ಚಿದ ಶೆಡ್ಡಿನಲ್ಲಿ ಆ ಹೊಗೆ ಜೀವ ತೆಗೆಯುತ್ತದೆ.

ಎಂಜಿನ್ ಬಿಸಿಯಾದ ಮೇಲೆ ಅಳತೆ ತೆಗೆದುಕೊಂಡೆ. ಐಡಲಿನಲ್ಲಿ, ಅಂದರೆ 800 ಆರ್‌ಪಿಎಂನಲ್ಲಿ ಅಂತರ 10 ಸೆಂಟಿಮೀಟರ್, 2,000ದಲ್ಲಿ 61, 3,000ದಲ್ಲಿ 140, ಅಂದರೆ ಸುಮಾರು 14 ಕಿಲೋಪಾಸ್ಕಲ್. ಇಂಥ ತಡೆಯಲ್ಲಿ ಒತ್ತಡವು ಹರಿವಿನ ವರ್ಗಕ್ಕೆ ತಕ್ಕಂತೆ ಏರಬೇಕು, ಹರಿವು ಒಂದೂವರೆ ಪಟ್ಟಾದರೆ ಒತ್ತಡ ಎರಡೂಕಾಲು ಪಟ್ಟು. 61ರಿಂದ 140 ಆ ಲೆಕ್ಕಕ್ಕೆ ಕೂಡಿಬಂದದ್ದರಿಂದ ನನ್ನ ಏಣಿಯ ಗೇಜನ್ನು ನಂಬಿದೆ. ಹೊರೆಯಿಲ್ಲದೆ ನಿಂತ ಗಾಡಿಯಲ್ಲೇ 14 ಕಿಲೋಪಾಸ್ಕಲ್ ಎಂದರೆ, ಟರ್ಬೊ ಪೂರ್ತಿ ಊದಿ ಇದರ ಎರಡರಷ್ಟು ಗಾಳಿಯನ್ನು ಹೆಚ್ಚು ಶಾಖದಲ್ಲಿ ಹೊರತಳ್ಳಬೇಕಾದ ಏರಿನಲ್ಲಿ ಏನಾಗುತ್ತಿರಬೇಕೆಂದು ಲೆಕ್ಕ ಹಾಕುವುದೇ ಬೇಡ. ತಡೆ ಇರುವುದು ಖಚಿತವಾಯಿತು. ಮೆಕ್ಯಾನಿಕ್ ಹೇಳಿದ್ದು ನಿಜವೆಂದುಕೊಂಡು ಅಂದು ಸಂಜೆಯೇ ಹೊಸ ಕನ್ವರ್ಟರಿನ ಬೆಲೆ ವಿಚಾರಿಸಿದೆ. 21,000 ಎಂದು ಕೇಳಿ ಫೋನ್ ಕೆಳಗಿಟ್ಟೆ.

ಆ ಬೆಲೆಯೇ ಇನ್ನೊಂದು ಪರೀಕ್ಷೆ ಮಾಡಿಸಿತು. ಟರ್ಬೊದ ಹಿಂದೆ ಎಲ್ಲಿ ತಡೆ ಇದ್ದರೂ ನನ್ನ ಪೈಪು ಅದನ್ನೇ ತೋರಿಸುತ್ತದೆ: ಕನ್ವರ್ಟರ್ ಇರಬಹುದು, ಅದರ ಹಿಂದಿನ ಪೈಪು ಇರಬಹುದು, ಸೈಲೆನ್ಸರ್ ಇರಬಹುದು. ಕನ್ವರ್ಟರಿನ ಹಿಂದಿನ ಫ್ಲ್ಯಾಂಜ್ (ಪೈಪುಗಳನ್ನು ಬೋಲ್ಟಿನಿಂದ ಕೂಡಿಸುವ ಅಂಚು) ಬಿಚ್ಚಿ ಅಳೆದರೆ ಪಾಲು ಬೇರೆಯಾಗುತ್ತದೆ. ತುಕ್ಕು ಹಿಡಿದ ಬೋಲ್ಟುಗಳಿಗೆ ರಾತ್ರಿಯಿಡೀ ಡೀಸೆಲ್ ಕುಡಿಸಿದರೂ ಒಂದು ತುಂಡಾಯಿತು, ಇನ್ನೊಂದನ್ನು ಗ್ರೈಂಡರಿನಲ್ಲಿ ಕತ್ತರಿಸಬೇಕಾಯಿತು. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಪೈಪನ್ನು ಮೂರು ಅಂಗುಲ ಕೆಳಗಿಳಿಸಿ ತಂತಿಯಲ್ಲಿ ಕಟ್ಟಿ, ಎಂಜಿನ್ ಚಾಲೂ ಮಾಡಿದಾಗ ಎದ್ದ ಸದ್ದಿಗೆ ಪಕ್ಕದ ಕೊಟ್ಟಿಗೆಯ ಹಸು ಹಗ್ಗ ಕಿತ್ತುಕೊಂಡು ಹೋಯಿತು. ಅದನ್ನು ಹಿಡಿದು ತಂದು ಕಟ್ಟಿ, ಕ್ಷಮೆ ಕೇಳಿ, ಮತ್ತೆ ಚಾಲೂ ಮಾಡಿದೆ. 3,000 ಆರ್‌ಪಿಎಂನಲ್ಲಿ ಅಂತರ 14 ಸೆಂಟಿಮೀಟರ್.

140 ಅಲ್ಲ, 14. ಕೂದಲೆಳೆಯಷ್ಟೂ ಸಂಶಯ ಉಳಿಯಬಾರದೆಂದು ಮೂರು ಸಲ ಓದಿದೆ, ತಾಮ್ರದ ಕೊಳವೆ ಕಟ್ಟಿಕೊಂಡಿಲ್ಲವೆಂದು ಊದಿ ನೋಡಿದೆ. ಹೊಗೆ ಕನ್ವರ್ಟರಿನ ಮೂಲಕ ಸರಾಗವಾಗಿ ಹೋಗುತ್ತಿತ್ತು. ತಡೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅದರ ಹಿಂದೆ ಇತ್ತು. ಮೆಕ್ಯಾನಿಕ್ ಹೇಳಿದಂತೆ ಕನ್ವರ್ಟರನ್ನು ಕತ್ತರಿಸಿ ಪೈಪು ಹಾಕಿಸಿದ್ದರೆ 140ರಲ್ಲಿ ಹೆಚ್ಚೆಂದರೆ ಹತ್ತು ಹನ್ನೆರಡು ಸೆಂಟಿಮೀಟರ್ ಕಡಿಮೆಯಾಗಿ, ಗಾಡಿ ಅದೇ ಏರಿನಲ್ಲಿ ಹಾಗೇ ದಮ್ಮು ಕಟ್ಟುತ್ತಿತ್ತು.

ಸೈಲೆನ್ಸರನ್ನು ಇಳಿಸಿ ಅಲ್ಲಾಡಿಸಿದರೆ ಹುಣಸೆ ಬೀಜ ತುಂಬಿದ ಡಬ್ಬದಂತೆ ಸದ್ದಾಯಿತು. ಒಳಗಿನ ತಗಡು ತುಕ್ಕು ಹಿಡಿದು ಉದುರಿರಬೇಕೆಂದು ಭಾವಿಸಿ ಗ್ರೈಂಡರಿನಲ್ಲಿ ಉದ್ದಕ್ಕೆ ಸೀಳಿದೆ. ಒಳಗೆ ಸಿಕ್ಕಿದ್ದು ತಗಡಲ್ಲ. ಹೊಗೆ ಒಳಬರುವ ಪೈಪಿನ ತುದಿ ಮುಚ್ಚಿಕೊಂಡಿದ್ದು, ಪಕ್ಕದ ಸಣ್ಣ ತೂತುಗಳ ಮೂಲಕ ಹೊಗೆ ಹರಡಿಕೊಳ್ಳುವ ರಚನೆ ಅದು. ಆ ಪೈಪಿನ ತುಂಬ ಬೆಳ್ಳಗೆ ಬೂದು ಬಣ್ಣದ ಜೇನುಗೂಡಿನ ಚೂರುಗಳು, ಹೆಸರುಕಾಳಿನಿಂದ ನೆಲ್ಲಿಕಾಯಿ ಗಾತ್ರದವರೆಗೆ, ಮಸಿಯೊಡನೆ ಸೇರಿ ಗಾರೆಯಂತೆ ಬಿಗಿದುಕೊಂಡಿದ್ದವು. ಕನ್ವರ್ಟರಿನ ಇಟ್ಟಿಗೆಯೇ ಒಡೆದು, ಹೊಗೆಯ ರಭಸಕ್ಕೆ ಹಿಂದಕ್ಕೆ ಬಂದು, ಮುಂದೆ ಹೋಗಲು ದಾರಿಯಿಲ್ಲದ ಕಡೆ ಕೂತಿತ್ತು. ಆರೋಪಿ ಅದೇ, ಸಿಕ್ಕಿಬಿದ್ದ ಜಾಗ ಮಾತ್ರ ಬೇರೆ. ಇಂಥ ಚೂರುಗಳನ್ನು ಒಡೆಯುವಾಗ, ಗುಡಿಸುವಾಗ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಬೇಕು. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಮೊಬೈಲಿಗೆ ಸಿಕ್ಕಿಸುವ ಸಣ್ಣ ಕ್ಯಾಮರಾವನ್ನು ಹಿಂಬಾಗಿಲಿನಿಂದ ಕನ್ವರ್ಟರಿನೊಳಗೆ ತೂರಿಸಿ ನೋಡಿದಾಗ ಇಟ್ಟಿಗೆಯ ಹಿಂಭಾಗದಲ್ಲಿ ಮೂರನೇ ಒಂದು ಭಾಗ ಇಲ್ಲವಾಗಿತ್ತು, ಉಳಿದದ್ದು ಡಬ್ಬದಲ್ಲಿ ಸಡಿಲವಾಗಿ ಅಲುಗುತ್ತಿತ್ತು. ಕಾರಣವೂ ಅಲ್ಲೇ ಇತ್ತು. ಕೆಳಗಿನ ಹೊದಿಕೆಯ ಬೋಲ್ಟು ಬಿಚ್ಚಿದಾಗ ಡಬ್ಬದ ಹೊಟ್ಟೆಯಲ್ಲಿ ದುಂಡನೆಯ ತಗ್ಗು ಕಾಣಿಸಿತು, ಜಾಕಿಯ ತಲೆಯಷ್ಟೇ ಅಗಲದ್ದು. ಟೈರು ಬದಲಿಸುವ ಅವಸರದಲ್ಲಿ ಯಾರೋ ಕನ್ವರ್ಟರಿಗೇ ಜಾಕಿ ಕೊಟ್ಟಿರಬೇಕೆಂಬುದು ನನ್ನ ಊಹೆ. ಸೆರಾಮಿಕ್ ಆ ಒತ್ತಡಕ್ಕೆ ಬಿರುಕು ಬಿಟ್ಟಿತು, ನಾರಿನ ಹಾಸು ಹಿಡಿತ ಕಳೆದುಕೊಂಡಿತು, ಅನಂತರ ರಸ್ತೆಯ ಪ್ರತಿ ಕುಲುಕಿಗೂ ಇಟ್ಟಿಗೆ ತನ್ನನ್ನು ತಾನೇ ತೇಯ್ದುಕೊಂಡಿತು. ಎಂಜಿನ್ನಿನಿಂದ ಆಯಿಲ್ ಬಂದಿದ್ದಕ್ಕೆ ಗುರುತಿರಲಿಲ್ಲ. ಟರ್ಬೊದ ಶಾಫ್ಟನ್ನು ಅಲುಗಾಡಿಸಿ ನೋಡಿದೆ, ಅದೂ ಬಿಗಿಯಾಗಿತ್ತು.

ಇಲ್ಲಿ ಬಾಮೈದ ಒಂದು ನ್ಯಾಯವಾದ ಪ್ರಶ್ನೆ ಕೇಳಿದ: "ಭಾವ, ಹೊಸ ಸೈಲೆನ್ಸರ್ ಒಂದು ಹಾಕಿದ್ರೆ ಸಾಲಲ್ವಾ?" ಗಾಡಿ ಅಂದೇ ಎಳೆಯುತ್ತಿತ್ತು, ನಿಜ. ಆದರೆ ಸಡಿಲವಾದ ಇಟ್ಟಿಗೆ ಉಳಿದ ಚೂರುಗಳನ್ನೂ ಹೊಸ ಸೈಲೆನ್ಸರಿಗೆ ಕಳಿಸುತ್ತದೆ, ಅಥವಾ ಅಡ್ಡ ತಿರುಗಿ ದಾರಿಯನ್ನೇ ಮುಚ್ಚುತ್ತದೆ. ಎರಡನ್ನೂ ಬದಲಿಸಲು ನಿರ್ಧರಿಸಿದೆ: ಸೈಲೆನ್ಸರ್ 5,200, ಕನ್ವರ್ಟರ್ 21,000. ಕಡಿಮೆ ಬೆಲೆಗೆ ಸಿಗುವ ಖಾಲಿ ಡಬ್ಬಗಳೂ ಇವೆ, ಹೊರಗಿನಿಂದ ಕನ್ವರ್ಟರಿನಂತೆಯೇ ಕಾಣುತ್ತವೆ, ಒಳಗೆ ನೇರ ಪೈಪು; ಅಂಥದ್ದನ್ನು ಹಾಕುವುದಾದರೆ ಇಷ್ಟೆಲ್ಲ ಅಳೆದದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಭಾಗ ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಟೊಮ್ಯಾಟೊ ಬಾಡಿಗೆ ಗಾಡಿಯಲ್ಲಿ ಮಂಡಿಗೆ ಹೋಯಿತು, ಆ ಖರ್ಚನ್ನು ನಾನು ಇಲ್ಲಿ ಬರೆಯುವುದಿಲ್ಲ.

ಜೋಡಣೆಯಲ್ಲಿ ವಿಶೇಷವಿಲ್ಲ. ಎಲ್ಲ ಫ್ಲ್ಯಾಂಜುಗಳಿಗೂ ಹೊಸ ಪ್ಯಾಕಿಂಗ್ ಹಾಕಿದೆ, ನೇತುಹಾಕುವ ರಬ್ಬರುಗಳನ್ನು ಬದಲಿಸಿದೆ, ಬೋಲ್ಟುಗಳಿಗೆ ಶಾಖ ತಡೆಯುವ ತಾಮ್ರದ ಗ್ರೀಸ್ ಹಚ್ಚಿದೆ. ಒಂದು ಮಾತು ಮಾತ್ರ: ಮೊದಲು ಎಲ್ಲ ಬೋಲ್ಟುಗಳನ್ನೂ ಕೈಯಲ್ಲೇ ಸಡಿಲವಾಗಿ ಕೂರಿಸಿ, ಇಡೀ ಸಾಲು ತನ್ನ ಜಾಗದಲ್ಲಿ ತಾನಾಗಿ ತೂಗುವಂತೆ ಬಿಟ್ಟು, ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತ ಹೋಗಬೇಕು. ಹಿಂದಿನಿಂದ ಬಿಗಿದರೆ ಪೈಪು ಸೆಡೆತುಕೊಂಡು ಕೂರುತ್ತದೆ, ಆ ಸೆಳೆತವೆಲ್ಲ ಹೊಸ ಕನ್ವರ್ಟರಿನ ಕುತ್ತಿಗೆಯ ಮೇಲೆ ಬೀಳುತ್ತದೆ.

ಮತ್ತೆ ಏಣಿ, ಮತ್ತೆ ನೀಲಿ ನೀರು. 800ರಲ್ಲಿ 2 ಸೆಂಟಿಮೀಟರ್, 2,000ದಲ್ಲಿ 14, 3,000ದಲ್ಲಿ 31. ತೇರಹಳ್ಳಿ ಏರಿನಲ್ಲಿ ಅದೇ 80 ಬಾಕ್ಸ್ ಹೊರೆಗೆ ಮ್ಯಾನಿಫೋಲ್ಡ್ ಒತ್ತಡ 208 ಮುಟ್ಟಿತು, ಗಾಳಿ ಸೆಕೆಂಡಿಗೆ 78ರಿಂದ 115 ಗ್ರಾಂಗೆ ಏರಿತು, ಮೂರನೇ ಗೇರು ಕೊನೆಯ ತಿರುವಿನವರೆಗೂ ಬದಲಾಗಲಿಲ್ಲ. ಲೀಟರಿಗೆ ಒಂಬತ್ತೂವರೆ ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಈಗ ಹನ್ನೆರಡರ ಹತ್ತಿರ ಕೊಡುತ್ತಿದೆ. ಎಮಿಷನ್ ಟೆಸ್ಟಿನಲ್ಲಿ ಬಿಎಸ್-4 ಡೀಸೆಲ್ ಗಾಡಿಯ ಹೊಗೆಯ ಮಿತಿ 1.62, ನಮ್ಮದು 0.84 ಬಂತು. ಪಿ0299 ಮತ್ತೆ ಕಾಣಿಸಿಕೊಂಡಿಲ್ಲ.

ಮೆಕ್ಯಾನಿಕ್‌ಗೆ ಸೈಲೆನ್ಸರಿನ ಚೂರುಗಳನ್ನು ಒಂದು ಡಬ್ಬದಲ್ಲಿ ಒಯ್ದು ತೋರಿಸಿದೆ. ಬೆರಳಲ್ಲಿ ಉಜ್ಜಿ ನೋಡಿ, "ಕ್ಯಾಟೇ ತಾನೆ ಅಣ್ಣ, ನಾನು ಹೇಳಿದ್ದು ಅದೇನೇ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮೂರು ಆರ್‌ಪಿಎಂಗಳ ಹೊಸ ಅಳತೆಗಳನ್ನು ಚೀಟಿಯಲ್ಲಿ ಬರೆದು ಚಾಲಕನ ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ. ಪ್ರತಿ 20,000 ಕಿಲೋಮೀಟರಿಗೊಮ್ಮೆ ಬೋಲ್ಟು ಬಿಚ್ಚಿ ಮತ್ತೆ ಅಳೆಯುವ ಯೋಚನೆ ಇದೆ. ಮೇಸ್ತ್ರಿ ತಮ್ಮ ಪೈಪನ್ನು ಕೇಳಲು ಬಂದಾಗ ಅದರ ಒಳಗೆಲ್ಲ ಮಸಿ ಹಿಡಿದು ನೀರಿನ ಮಟ್ಟ ಕಾಣದಂತಾಗಿತ್ತು. ಅವರಿಗೆ ಹೊಸದಾಗಿ ಹತ್ತು ಮೀಟರ್ ಪೈಪು ತಂದುಕೊಟ್ಟೆ, ಹಳೆಯದು ಈಗಲೂ ಪಂಪ್‌ಸೆಟ್ ಮನೆಯ ಮೊಳೆಯಲ್ಲಿ ತೂಗುತ್ತಿದೆ.